ತಿಂಗಳ ಬ್ಯಾನಿಯ ಗುಳಿಗಿ

ನಗೆಪಾಟಲಿನ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬಂದವೋ, ನಾನೇ ಮೋಟಾರು ಹತ್ತಿ, ಚಕ್ಕಡಿ ಹತ್ತಿ ಅವು ಇದ್ದಲ್ಲಿಗೆ ಹೋದೆನೋ, ಇಷ್ಟು ವರ್ಷವಾದರೂ ತಿಳಿದಿಲ್ಲ. ದವಾಖಾನೆಯಲ್ಲಿ ಸುಮ್ಮನೆ ಕೂತ ದಿನ ಏನೂ ಆಗುತ್ತಿರಲಿಲ್ಲ ಅನ್ನುವುದಂತೂ ಖರೆ. ಆದರೆ ಸುಮ್ಮನೆ ಕೂಡುವುದು ನನಗೆ ಬರುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತರೆ ಅಂಗಾಲು ಚಡಪಡಿಸುತ್ತಿತ್ತು. ಎದ್ದು ಹೊರಟರೆ ಏನಾದರೊಂದು ಆಗುತ್ತಿತ್ತು.

ಹುಬ್ಬಳ್ಳಿಯಲ್ಲಿ ನರ್ಸಿನ ಕೆಲಸ ಕಲಿತು ಹಾನಗಲ್ಲಿನ ದವಾಖಾನೆಗೆ ಬಂದಾಗ ದೂರದಲ್ಲೆಲ್ಲೋ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಊರಿನವರು ನನ್ನನ್ನು 'ಬಾಯಾರ' ಎಂದು ಕರೆಯುತ್ತಿದ್ದರು. ನಮ್ಮ ಡಾಕ್ಟರ್ ಸಾಹೇಬರು ಪುಣೆಯಲ್ಲಿ ಓದಿ ಬಂದ ತರುಣರು. ಒಳ್ಳೆಯ ಕೈಗುಣ, ವಿಪರೀತ ನಾಚಿಕೆ. ಒಂದು ದಿನ ನನ್ನನ್ನು ಒಳಗೆ ಕರೆದು, ಗೋಡೆಯ ಕಡೆ ಮುಖ ಮಾಡಿ ನಿಂತು, "ಬಾಯಾರ, ಮುಂಬಯಿಯಿಂದ ಬರೋ ವೈದ್ಯರ ಪತ್ರಿಕೆಯೊಳಗ ಒಂದು ಹೊಸ ಸುದ್ದಿ ಬಂದದ. ಹೆಣ್ಣಮಕ್ಕಳಿಗೆ... ಅಂದ್ರ... ತಿಂಗಳಿಗೊಮ್ಮೆ..." ಎಂದು ನಿಲ್ಲಿಸಿದರು.

"ಮುಟ್ಟಿನ ಹೊಟ್ಟಿನೋವೇನ್ರಿ?" ಅಂದೆ.

ಸಾಹೇಬರ ಕೈಯಿಂದ ಪೆನ್ನು ಬಿತ್ತು. ಅದನ್ನು ಎತ್ತಿಕೊಳ್ಳುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದವರು ಅಲ್ಲಿಂದಲೇ ಉಳಿದದ್ದನ್ನು ಹೇಳಿ ಮುಗಿಸಿದರು. ವಿಟಮಿನ್ 'ಬಿ' ಎಂಬ ಗುಳಿಗೆಯನ್ನು ತಪ್ಪದೆ ತೆಗೆದುಕೊಂಡರೆ ಕೆಲವರಿಗೆ ಆ ನೋವು ಕಡಿಮೆಯಾಗುತ್ತದಂತೆ. ಅವರು ಒಂದಿಷ್ಟು ಡಬ್ಬಿ ತರಿಸಿದ್ದಾರೆ. ನಾನು ಕ್ಯಾಂಪಿಗೆ ಹೋದ ಊರುಗಳಲ್ಲಿ ಬೇಕಾದವರಿಗೆ ಕೊಟ್ಟು ನೋಡಬೇಕು.

"ಗುಣ ಹತ್ತಿತೋ ಇಲ್ಲೋ ನನಗ ಬಂದು ಹೇಳ್ರಿ," ಎಂದು ಮೇಲೆದ್ದರು. "ಆದ್ರ ಭಾಳ ಬಿಡಿಸಿ ಹೇಳಬ್ಯಾಡ್ರಿ."

ಆ ನೋವು ನನಗೆ ಹೊಸದಲ್ಲ. ಕಲಿಯುವ ದಿನಗಳಲ್ಲಿ ರೋಗಿಯ ಮಂಚದ ಸರಳು ಹಿಡಿದು, ಹಲ್ಲು ಕಚ್ಚಿ, ಅದೇ ರೋಗಿಗೆ ಧೈರ್ಯ ಹೇಳಿದವಳು ನಾನು. ಆ ಹೊತ್ತಿಗೆ ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಮಲಗಬೇಕೆನಿಸುತ್ತದೆ, ಮಲಗಿದರೆ ಎಲ್ಲಾದರೂ ಓಡಿಹೋಗಬೇಕೆನಿಸುತ್ತದೆ. ಇಷ್ಟು ಜನ ಹೆಂಗಸರು ಇದನ್ನು ನುಂಗಿಕೊಂಡು ನೀರು ಸೇದುತ್ತಾರೆ, ಕಳೆ ಕೀಳುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಹೀಗಾಗಿ ಡಬ್ಬಿ ಕೈಗೆ ಬಂದದ್ದೇ ತಡ, ನಾನು ಹೊರಗೆ ಬಿದ್ದೆ.

ಮೊದಲ ಓಣಿಯಲ್ಲೇ ಒಬ್ಬ ಮುದುಕಿ, ವಿಟಮಿನ್ ಅಂದರೆ ಏನೆಂದು ಕೇಳಿದಳು. ಅಕ್ಕಿಯನ್ನು ಕುಟ್ಟಿ ಬೆಳ್ಳಗೆ ಮಾಡುವಾಗ ತೌಡಿನ ಜೊತೆ ಒಂದು ಸತ್ವ ಹೊರಟುಹೋಗುತ್ತದೆ, ಆ ಸತ್ವವೇ ಇದರಲ್ಲಿದೆ ಎಂದು ತಿಳಿಸಿದೆ. ಮುದುಕಿ ತಿರುಗಿ ತನ್ನ ಕೊಟ್ಟಿಗೆಯ ಕಡೆ ನೋಡಿದಳು.

"ಖರೇ ಐತಿ ತಂಗಿ," ಅಂದಳು. "ತೌಡು ತಿಂತೈತಿ ಅಂತನ ನಮ್ಮ ಎಮ್ಮಿ ಒಂದ ದಿನಾನೂ ಟೊಂಕ ಹಿಡಕೊಂಡು ಕುಂತಿಲ್ಲ ನೋಡು."

೧. ಯಾರ ಹೊಟ್ಟಿ?

ಹಾನಗಲ್ಲ ದವಾಖಾನೆಗೆ ಸಂತೆಯ ದಿನ ಜನ ಜಾಸ್ತಿ. ಅಂಥ ಒಂದು ಮುಂಜಾನೆ ಹಳದಿ ರುಮಾಲಿನ ರೈತನೊಬ್ಬ ಬಂದ. ಎದುರಿನ ಬಾಕಿನ ಮೇಲೆ ಹೆಂಗಸರು, ಹಿಂದೆ ಗಂಡಸರ ಸಾಲು. ಅವನು ಎರಡೂ ಕಡೆ ನೋಡಿ, ದನಿ ಇಳಿಸಿ, "ಹೊಟ್ಟಿಬ್ಯಾನಿಗೆ ಔಷಧ ಬೇಕಾಗಿತ್ರಿ," ಅಂದ.

"ಯಾರಿಗೆ?" ಎಂದರು ಸಾಹೇಬರು.

ಅವನು ಮತ್ತೊಮ್ಮೆ ಎರಡೂ ಕಡೆ ನೋಡಿದ. "ನನಗ್ರಿ."

"ಎಲ್ಲಿ ನೋಯ್ತದ?"

"ಇಲ್ಲಿ, ಹೊಕ್ಕಳದ ಕೆಳಗ ಸುರು ಆಗತೈತ್ರಿ. ಆಮ್ಯಾಲ ಟೊಂಕಕ್ಕ ಹೋಗತೈತ್ರಿ, ತೊಡಿಗೆ ಇಳೀತೈತ್ರಿ."

"ಯಾವಾಗ ಬರ್ತದ?"

"ತಿಂಗಳಿಗೊಮ್ಮಿರಿ."

"ತಿಂಗಳಿಗೊಮ್ಮೆ?" ಸಾಹೇಬರ ಹುಬ್ಬು ಮೇಲೇರಿತು. "ಎಂದಿನಿಂದ?"

"ಲಗ್ನ ಆದಾಗಿಂದ ನೋಡಾಕತ್ತೇನ್ರಿ."

"ನೋಡಾಕತ್ತೇನಿ ಅಂದ್ರ?"

"ಅಂದ್ರ... ಅನುಭವಿಸಾಕತ್ತೇನ್ರಿ."

ತಿಂದದ್ದು ಕರಗದೆ ಕಟ್ಟಿಕೊಂಡಿದೆಯೆಂದು ಸಾಹೇಬರು ಕಂಪೌಂಡರಿಗೆ ಸನ್ನೆ ಮಾಡಿದರು. ಕಂಪೌಂಡರು ಭೇದಿಗೆಂದು ಒಂದು ಬಟ್ಟಲ ಔಡಲೆಣ್ಣೆ ತಂದು ಅವನ ಬಾಯಿಗೆ ಹಿಡಿದರು. ಪಾಪ, ಅವನು ಕಣ್ಣು ಮುಚ್ಚಿ ಕುಡಿದ. ನಂತರ ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿದರು. ಎಣ್ಣೆ ಕುಡಿದ ಹೊಟ್ಟೆಯನ್ನು ಒತ್ತಿದರೆ ಯಾರಾದರೂ 'ಅಯ್ಯೋ' ಅನ್ನದೆ ಇರುತ್ತಾರೆಯೇ? ಅವನೂ ಅಂದ. ಸಾಹೇಬರ ಮುಖ ಗಂಭೀರವಾಯಿತು.

"ಹುಬ್ಬಳ್ಳಿಗೆ ಕಳಸಬೇಕಾಗ್ತದ. ಅಲ್ಲಿ ಹೊಟ್ಟಿ ಕೊಯ್ದು ನೋಡ್ತಾರ."

ರೈತ ಮೇಜಿನ ಮೇಲಿಂದ ಜಿಗಿದ. ರುಮಾಲು ಒಂದು ಕಡೆ, ಅವನೊಂದು ಕಡೆ. "ಕೊಯ್ಯೂದ? ನನಗೇನಾಗೈತ್ರಿ ಕೊಯ್ಯಾಕ? ಬ್ಯಾನಿ ನನಗಲ್ರೀ! ನಮ್ಮ ಮನ್ಯಾಗಿನಾಕಿಗೆ!"

ಬಾಕಿನ ಮೇಲಿನ ಹೆಂಗಸರೆಲ್ಲ ಒಮ್ಮೆಲೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಾಹೇಬರ ಕಿವಿ ಕೆಂಪಾಯಿತು. "ಬಾಯಾರ! ನಿಮ್ಮ ಪೇಶಂಟು!" ಎಂದು ಕೂಗಿ ಔಷಧದ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಅವನನ್ನು ಹೊರಗೆ ಗಿಡದ ನೆರಳಿಗೆ ಕರೆದುಕೊಂಡು ಹೋದೆ. ಹೆಂಡತಿಯ ಬಗ್ಗೆ ಕೇಳುತ್ತ ಹೋದಂತೆ ಅವನ ಕಣ್ಣಲ್ಲಿ ನೀರು ಬಂತು. ಆಕೆ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಾಳಂತೆ. ಕೇಳಿದರೆ ಏನೂ ಇಲ್ಲ ಅನ್ನುತ್ತಾಳಂತೆ. ನೋಡಲಾಗದೆ ಇಷ್ಟು ದೂರ ನಡೆದು ಬಂದಿದ್ದ. ಅಂಥವನ ಮೇಲೆ ನಗುವುದು ಹೇಗೆ? ಗುಳಿಗೆ ಕೊಟ್ಟು, ಹೇಗೆ ತೆಗೆದುಕೊಳ್ಳಬೇಕು, ಆ ದಿನಗಳಲ್ಲಿ ಬೆಚ್ಚಗೆ ಶಾಖ ಹೇಗೆ ಕೊಡಬೇಕು ಎಂದು ವಿವರಿಸತೊಡಗಿದೆ. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಹಣೆ ಒರೆಸಿಕೊಳ್ಳುತ್ತ, ಹಿಂದಿನ ಹೊಲದ ಕಡೆ ನೋಡುತ್ತ ಕೇಳುತ್ತಿದ್ದ.

"ತಿಳೀತೇನಪಾ? ಏನಾರ ಕೇಳೂದೈತೇನು?" ಅಂದೆ.

"ಒಂದ ಮಾತು ಕೇಳೂದೈತ್ರಿ ಬಾಯಾರ," ಎಂದು ಅವನು ಆಗಲೇ ಹೊಲದ ಕಡೆ ಹೆಜ್ಜೆ ಹಾಕಿದ. "ಈಗ ನನಗ ಕುಡಿಸಿದ ಔಡಲೆಣ್ಣಿ ಆಕಿ ಲೆಕ್ಕಕ್ಕ ಹಿಡೀತೀರೋ, ಆಕಿಗೆ ಬ್ಯಾರೆ ಕುಡಿಸಬೇಕೋ?"

ಉತ್ತರ ಕೇಳಲು ಅವನು ನಿಲ್ಲಲಿಲ್ಲ. ನಿಲ್ಲುವ ಹಾಗೂ ಇರಲಿಲ್ಲ.

೨. ಅಡತಿ ಅಂಗಡಿಯ ಬೆಕ್ಕುಗಳು

ಶಿಗ್ಗಾಂವದಲ್ಲಿ ಒಬ್ಬ ಕಾಳಿನ ವ್ಯಾಪಾರಿ. ಮುಂದೆ ಜೋಳದ ಚೀಲಗಳ ಅಡತಿ ಅಂಗಡಿ, ಹಿಂದೆ ಮನೆ. ವಿಭೂತಿ ಹಚ್ಚಿಕೊಳ್ಳದೆ ನೀರು ಸಹ ಕುಡಿಯದ ಮನೆತನ. ಅವರ ಸೊಸೆಗೆ ತಿಂಗಳು ತಿಂಗಳೂ ಬಹಳ ತ್ರಾಸ. ವ್ಯಾಪಾರಿ ಎಲ್ಲೋ 'ವಿಟಮಿನ್' ಎಂಬ ಮಾತು ಕೇಳಿ ಹುಬ್ಬಳ್ಳಿಗೆ ಹೋದಾಗ ಒಂದು ದೊಡ್ಡ ಶೀಶೆಯನ್ನೇ ತಂದಿಟ್ಟಿದ್ದರು. ಹೇಗೆ ಕುಡಿಸಬೇಕೆಂದು ಕೇಳಲು ನನಗೆ ಬರಹೇಳಿದರು.

ಶೀಶೆಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಚೀಟಿಯ ಮೇಲೆ ಉದ್ದನೆಯದೊಂದು ಮೀನು.

"ಯಜಮಾನ್ರ, ಇದರಾಗೂ ವಿಟಮಿನ್ ಐತ್ರಿ, ಇಲ್ಲನ್ನೂದಿಲ್ಲ. ಆದ್ರ ಬ್ಯಾರೆ ವಿಟಮಿನ್ನು. ಮತ್ತ ಇದು ಮೀನಿನ ಎಣ್ಣಿ."

ಅತ್ತೆ ಕೂತಲ್ಲಿಂದ ಎದ್ದು ಮೂಗಿಗೆ ಸೆರಗು ಹಿಡಿದು ಗೋಡೆಗೆ ಆತು ನಿಂತರು. "ಮೀನ? ನಮ್ಮ ಮನ್ಯಾಗ? ಒಗೀರಿ ಅದನ್ನ ಹೊರಗ!"

ವ್ಯಾಪಾರಿಗೆ ಒಗೆಯಲು ಮನಸ್ಸು ಬರಲಿಲ್ಲ. ಶೀಶೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ಅಂಗಳದಲ್ಲಿ ಅಡ್ಡಾಡಿದರು. "ಬಾಯಾಗ ಹಾಕಿದ್ರ ಪಾಪ. ಹೊಟ್ಟಿ ಮ್ಯಾಲ ತಿಕ್ಕಿ, ಆಮ್ಯಾಲ ಮೈ ತೊಳಕೊಂಡ್ರ ಏನ ಪಾಪ?" ಎಂದು ಹೆಂಡತಿಯನ್ನು ಕೇಳಿದರು. ತಿಕ್ಕಿದರೆ ಏನೂ ಉಪಯೋಗವಿಲ್ಲ, ನನ್ನ ಗುಳಿಗೆ ಕೊಡಿ ಎಂದು ನಾನು ಅಂದೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗೆ ಮೋಟಾರಿನ ಹಾರ್ನು ಕೂಗುತ್ತಿತ್ತು. ಗುಳಿಗೆಯನ್ನು ಕಟ್ಟೆಯ ಮೇಲಿಟ್ಟು ಓಡಿದೆ.

ಮುಂದಿನ ಸಲ ಹೋದಾಗ ಅಂಗಡಿಯ ಬಾಗಿಲಲ್ಲಿ ಬೆಕ್ಕು. ಚೀಲದ ಮೇಲೆ ಬೆಕ್ಕು. ತಕ್ಕಡಿಯ ತಟ್ಟೆಯಲ್ಲಿ ಒಂದು ಬೆಕ್ಕು ಮಲಗಿ ಕಣ್ಣು ಪಿಳುಕಿಸುತ್ತಿತ್ತು. ಹೊಟ್ಟೆಗೆ ತಿಕ್ಕಿದ ಮೀನೆಣ್ಣೆಯ ವಾಸನೆ ದೇವರ ಕೋಣೆಗೆ ಬರಬಾರದೆಂದು ಸೊಸೆಯನ್ನು ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಕೂರಿಸಿದ್ದರು. ಪೇಟೆಯ ಬೆಕ್ಕುಗಳೆಲ್ಲ ಅವಳನ್ನು ಹುಡುಕಿಕೊಂಡು ಬಂದಿದ್ದವು.

"ಹೆಂಗ ಐತವ್ವ ನೋವು?" ಅಂದೆ.

ಹುಡುಗಿಯ ಮುಖದಲ್ಲಿ ಅಳುವೂ ನಗುವೂ ಒಟ್ಟಿಗೇ ಇದ್ದವು. "ಎಣ್ಣಿಯಿಂದ ಏನೂ ಆಗಿಲ್ರಿ ಬಾಯಾರ. ಆದ್ರ ಬೆಕ್ಕು ಬಂದು ಹೊಟ್ಟಿ ಮ್ಯಾಲ ಮಲಗಿದಾಗ ಬೆಚ್ಚಗಾಗಿ ಒಂದೀಟ ಆರಾಮ ಅನಸ್ತೈತ್ರಿ."

ನಾನು ಸಿಟ್ಟಿನಿಂದ ಅತ್ತೆಯ ಮುಂದೆ ನಿಂತೆ. ಈ ಹುಡುಗಿ ಮನುಷ್ಯಳೋ, ಬೆಕ್ಕಿನ ಹಾಸಿಗೆಯೋ ಎಂದು ಕೇಳಿದೆ. ಇಟ್ಟಂಗಿ ಬಿಸಿ ಮಾಡಿ ಅರಿವೆಯಲ್ಲಿ ಸುತ್ತಿ ಕೊಡಿ, ಹಗುರ ಕೆಲಸ ಹಚ್ಚಿ, ಗುಳಿಗೆ ತಪ್ಪಿಸಬೇಡಿ ಎಂದೆ. ಅತ್ತೆ ತಲೆ ತಗ್ಗಿಸಿ ಎಲ್ಲ ಕೇಳಿದರು. ನಾನಿಟ್ಟಿದ್ದ ಗುಳಿಗೆಯನ್ನು ಜಗುಲಿಯ ಗೂಡಿನಿಂದ ತೆಗೆದು ಸ್ವತಃ ಸೊಸೆಯ ಕೈಗೆ ಕೊಟ್ಟರು. ನನ್ನ ಸಿಟ್ಟು ಇಳಿಯಿತು.

ಅಷ್ಟರಲ್ಲಿ ವ್ಯಾಪಾರಿ ಮೆಲ್ಲಗೆ ನನ್ನ ಹತ್ತಿರ ಬಂದರು. "ಬಾಯಾರ, ಆ ಎಣ್ಣಿ ಇನ್ನೊಂದ ಶೀಶೆ ತರಸಬೇಕಂತ ಮಾಡೇನ್ರಿ."

"ಮತ್ತ ಯಾಕ್ರಿ? ಸೊಸಿಗೆ ಹತ್ತಲಿಲ್ಲಲ್ಲ!"

"ಸೊಸಿಗೆ ನಿಮ್ಮ ಗುಳಿಗೀನ ಇರ್ಲಿ. ಅಂಗಡ್ಯಾಗ ಈಗ ಒಂದ ಇಲಿ ಇಲ್ರಿ. ಅದನ್ನ ಇನ್ನ ಮ್ಯಾಲ ಜ್ವಾಳದ ಚೀಲಕ್ಕ ತಿಕ್ಕತೇನಿ."

೩. ಬಂಕಾಪುರದ ಹಾದಿಯಲ್ಲಿ ತಪಾಸಣೆ

ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಮೋಟಾರುಗಳ ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿದ್ದ ಕಾಲ. ಏರು ಬಂದರೆ ಜನ ಇಳಿದು ನೂಕಬೇಕು, ಇಳಿಜಾರು ಬಂದರೆ ಓಡಿ ಹತ್ತಬೇಕು. ಚಳವಳಿಯೂ ಜೋರಾಗಿತ್ತು. ಗುಪ್ತವಾಗಿ ಕರಪತ್ರ ಹಂಚುವವರನ್ನು ಹಿಡಿಯಲು ಪೊಲೀಸರು ಹಾದಿಯಲ್ಲಿ ಮೋಟಾರು ನಿಲ್ಲಿಸಿ ಗಂಟು ಬಿಚ್ಚಿಸುತ್ತಿದ್ದರು.

ಬಂಕಾಪುರದ ಹತ್ತಿರ ಒಬ್ಬ ದಪ್ಪ ಮೀಸೆಯ ಪೊಲೀಸ ಹತ್ತಿದ. ಎಲ್ಲರ ಗಂಟು ಕೆದರಿ, ನನ್ನ ತೊಡೆಯ ಮೇಲಿನ ತಗಡಿನ ಡಬ್ಬಿಗೆ ಕಣ್ಣು ಹಾಕಿದ. ಎತ್ತಿ ಅಲುಗಾಡಿಸಿದ. ಒಳಗೆ ಗಲಗಲ ಸದ್ದು.

"ಏನೈತಿ ಇದರಾಗ?"

"ವಿಟಮಿನ್ ಬಿ."

"ಬಿ ಅಂದ್ರ? ಏ ಎಲ್ಲೈತಿ? ಯಾರ ಕಡೆ ಕೊಟ್ಟೀರಿ?"

ನನಗೋ ಹೊತ್ತು ಮೀರುತ್ತಿತ್ತು, ಒಲೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಎದ್ದು ನಿಂತು ಇಡೀ ಮೋಟಾರಿಗೆ ಕೇಳಿಸುವ ಹಾಗೆ, "ಹೆಣ್ಣಮಕ್ಕಳು ಮುಟ್ಟಾದಾಗ ಹೊಟ್ಟಿ ನೋಯ್ತೈತಲ್ಲ, ಅದಕ್ಕ ಕೊಡೂ ಗುಳಿಗಿ! ಯಾವಾಗ ತಗೋಬೇಕು, ಹೆಂಗ ತಗೋಬೇಕು, ನಿಮಗೂ ಹೇಳ್ಲೇನು?" ಅಂದೆ.

ಆ ಮನುಷ್ಯ ಕೆಂಡ ಮುಟ್ಟಿದವನ ಹಾಗೆ ಡಬ್ಬಿಯನ್ನು ನನ್ನ ತೊಡೆಯ ಮೇಲೆ ಬಿಟ್ಟು, ಎರಡೂ ಕೈ ಮುಗಿದು, ಹಿಂದೆ ಹಿಂದೆ ಸರಿದು ಇಳಿದೇಬಿಟ್ಟ. ಅಂದಿನಿಂದ ಆ ಹಾದಿಯಲ್ಲಿ ಯಾವ ಪೊಲೀಸನೂ ನನ್ನ ಡಬ್ಬಿಯತ್ತ ನೋಡಲಿಲ್ಲ. ದೂರದಿಂದಲೇ "ಬಾಯಾರದು, ಬಿಡ್ರಿ ಬಿಡ್ರಿ" ಅನ್ನುತ್ತಿದ್ದರು.

ಆ ದಿನ ಮೋಟಾರು ಹೊರಟ ಮೇಲೆ ಹಿಂದಿನ ಸೀಟಿನಲ್ಲಿ ಕೂತಿದ್ದ ಖಾದಿ ಅಂಗಿಯ ತರುಣನೊಬ್ಬ ಬಗ್ಗಿ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದ.

"ಅಕ್ಕಾರ, ಈ ಗುಳಿಗಿ ತೀರಿದ ಮ್ಯಾಲ ಖಾಲಿ ಡಬ್ಬಿ ಏನ ಮಾಡ್ತೀರಿ?"

೪. ಮಾವನ ಕಾಮಣಿ

ಸವಣೂರು ಆಗ ನವಾಬರ ಸಂಸ್ಥಾನ, ನಮ್ಮ ದವಾಖಾನೆಯ ಹದ್ದಿಗೆ ಸೇರಿದ್ದಲ್ಲ. ಆದರೂ ಕರೆ ಬಂದರೆ ಹೋಗುತ್ತಿದ್ದೆ. ಅಲ್ಲಿ ಎಲೆಬಳ್ಳಿ ತೋಟದವರ ಮನೆಯ ಸೊಸೆ ಬಾವಿಯ ಕಟ್ಟೆಯ ಹತ್ತಿರ ನನ್ನನ್ನು ತಡೆದು ಕೈ ಹಿಡಿದುಕೊಂಡಳು. ನೋವು ತಾಳಲಾಗುವುದಿಲ್ಲ, ಗುಳಿಗೆ ಕೊಡಿ, ಆದರೆ ಮನೆಯಲ್ಲಿ ತಿಳಿಯಬಾರದು ಅಂದಳು.

"ಯಾಕವ್ವ?"

"ಇನ್ನೂ ಬಸರಾಗಿಲ್ರಿ ನಾ. ಇಂಗ್ಲೀಷ್ ಗುಳಿಗಿ ತಿಂದ್ರ ಮಕ್ಕಳಾಗೂದಿಲ್ಲಂತ ನಮ್ಮತ್ತಿ ನಂಬ್ಯಾರ. ತಿಂದಿದ್ದು ಗೊತ್ತಾದ್ರ ತವರಿಗೆ ಕಳಿಸಿಬಿಡ್ತಾರ್ರಿ."

ಗುಳಿಗೆಯಿಂದ ಹಾಗೇನೂ ಆಗುವುದಿಲ್ಲ ಎಂದು ಧೈರ್ಯ ಹೇಳಿ ಕೊಟ್ಟೆ. ಮೂತ್ರ ಅರಿಷಿಣದ ಹಾಗೆ ಹಳದಿಯಾಗಬಹುದು, ಹೆದರಬೇಡ ಎಂದೂ ತಿಳಿಸಿದೆ. ಅತ್ತೆಯ ಕಣ್ಣು ಸದಾ ತನ್ನ ಮೇಲೇ ಇರುತ್ತದೆ, ಆದ್ದರಿಂದ ಗುಳಿಗೆಯನ್ನು ಪುಡಿ ಮಾಡಿ ಊಟದ ಮೇಲಿನ ಎಲೆ-ಅಡಿಕೆಯೊಳಗೆ ಮಡಿಚಿ ತಿನ್ನುತ್ತೇನೆ ಅಂದಳು. ಎಲೆಯ ಊರಿನ ಹುಡುಗಿ, ಉಪಾಯಕ್ಕೇನು ಬರ?

ಕೆಲವು ದಿನಗಳ ಮೇಲೆ ಅದೇ ಮನೆಯಿಂದ ತುರ್ತಾಗಿ ಚಕ್ಕಡಿ ಬಂತು. ಸೊಸೆಯ ಗುಟ್ಟು ಹೊರಬಿದ್ದಿತೆಂದೇ ತಿಳಿದೆ. ದಾರಿಯುದ್ದಕ್ಕೂ ಚಕ್ಕಡಿಯಲ್ಲಿ ಕೂಡಲಾಗದೆ ಇಳಿದು ಇಳಿದು ನಡೆದೆ. ಹೋಗಿ ನೋಡಿದರೆ ಮಾವ ಹಾಸಿಗೆ ಹಿಡಿದಿದ್ದಾರೆ. ಸುತ್ತ ಬೀಗರು, ಬಳಗ. ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

"ಕಾಮಣಿ ಆಗೈತ್ರಿ ಬಾಯಾರ," ಎಂದು ಮಾವ ಕ್ಷೀಣ ದನಿಯಲ್ಲಿ ಅಂದರು. "ನೀರು ಹಳದಿ ಹೋಗಾಕತ್ತೈತಿ. ನಂದು ಮುಗೀತು. ತೋಟ ಇಬ್ಬರೂ ಮಕ್ಕಳಿಗೆ ಸಮಾ ಹಂಚಬೇಕಂತ ಹೇಳಿಬಿಟ್ಟೇನಿ."

ಕಾಮಾಲೆಯಿದ್ದರೆ ಕಣ್ಣು ಹಳದಿಯಾಗಬೇಕು; ನೋಡಿದೆ, ಹಾಲಿನ ಹಾಗೆ ಬೆಳ್ಳಗಿದೆ. ಉಗುರು ನೋಡಿದೆ, ಕೆಂಪಗಿದೆ. ಊಟ? ಎರಡು ರೊಟ್ಟಿ ಜಾಸ್ತಿಯೇ ಹೋಗುತ್ತಿದೆಯಂತೆ. ಬಾಗಿಲ ಮರೆಯಲ್ಲಿ ಸೊಸೆ ಬಿಳುಚಿಕೊಂಡು ನಿಂತಿದ್ದಳು. ನನಗೆ ಫಕ್ಕನೆ ಹೊಳೆಯಿತು.

"ಯಜಮಾನ್ರ, ಎಲಿ ಯಾರ ಕೈಯಿಂದ ತಿಂತೀರಿ?"

"ಸೊಸಿ ತಟ್ಟಿಯಾಗಿಂದ್ರಿ. ಒಮ್ಮೆ ಆಕಿದು ಎಲಿ ತಪ್ಪಿ ನನ್ನ ಕೈಗೆ ಬಂತು. ಒಂಥರಾ ರುಚಿ! ಅವತ್ತಿನಿಂದ ದಿನಾ ಆಕಿ ಮಡಚಿಟ್ಟಕೊಂಡ ಎಲೀನ ಇಸಗೊಂಡು ತಿಂತೇನಿ."

ಮಾವ ಕೈ ಚಾಚಿದರೆ ಕೊಡುವುದಿಲ್ಲ ಎನ್ನಲು ಸೊಸೆಗೆ ಬಾಯೆಲ್ಲಿಂದ ಬರಬೇಕು? ನಗು ಗಂಟಲಿಗೆ ಬಂದಿತ್ತು. ಆದರೆ ಒಂದು ಮಾತು ತಪ್ಪಿದರೆ ಆ ಹುಡುಗಿಯ ಸಂಸಾರವೇ ಕೆಡುತ್ತಿತ್ತು. ಮುಖ ಗಟ್ಟಿ ಮಾಡಿಕೊಂಡು, "ಇದು ಕಾಮಣಿ ಅಲ್ರಿ. ಉಷ್ಣ ಅಷ್ಟ. ಸ್ವಲ್ಪ ದಿನ ಎಲಿ ಬಿಡ್ರಿ," ಅಂದೆ. ಬಿಟ್ಟರು. ಹಳದಿ ಹೋಯಿತು. ಅತ್ತೆ ನನಗೆ ಉಡಿ ತುಂಬಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಮಾವನೇ ಮತ್ತೆ ಕರೆಸಿದರು. "ಬಾಯಾರ, ಹಳದಿ ಹೋತು, ಆದ್ರ ಮೈಯಾಗಿನ ಶಕ್ತೀನೂ ಹೋಧಂಗ ಆಗೈತಿ. ಆ ಎಲಿ ತಿನ್ನೂ ಮುಂದ ಹುರುಪಿತ್ತು. ಏನಾರ ಟಾನಿಕ್ ಕೊಡ್ರಿ."

ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುತ್ತಿರಲಿಲ್ಲ. ಎಲ್ಲರ ಎದುರಿಗೇ ವಿಟಮಿನ್ ಡಬ್ಬಿ ತೆಗೆದು ಅವರ ಮುಂದಿಟ್ಟೆ. ಶಕ್ತಿಗೆ ಒಳ್ಳೆಯದು, ನೀರು ಹಳದಿಯಾದರೆ ಗಾಬರಿಯಾಗಬಾರದು, ಡಬ್ಬಿ ಸೊಸೆಯ ಹತ್ತಿರ ಇರಲಿ, ಅವಳೇ ತೆಗೆದುಕೊಡಲಿ ಎಂದೆ. ಗಂಡಸಿಗೆ ಕೊಟ್ಟ ಗುಳಿಗೆಗೆ ಅತ್ತೆಯ ತಕರಾರು ಇರಲಿಲ್ಲ. ಅಂದಿನಿಂದ ಡಬ್ಬಿ ಹಾಡುಹಗಲೇ ಆ ಮನೆಯ ಗೋಡೆಯ ಮಾಡದಲ್ಲಿ ಕೂತಿತು. ಮಾವನಿಗೆ ಒಂದು, ಅತ್ತೆಯ ಕಣ್ಣು ತಪ್ಪಿಸಿ ಸೊಸೆಗೆ ಒಂದು.

ಆಮೇಲೊಂದು ದಿನ ಅತ್ತೆ ಸಂತೆಯಲ್ಲಿ ಸಿಕ್ಕು ನನ್ನನ್ನು ಪಕ್ಕಕ್ಕೆ ಕರೆದರು.

"ಏನ ಗುಳಿಗಿನೋ ಬಾಯಾರ, ನನಗಂತೂ ತಿಳೀವಲ್ದು," ಅಂದರು. "ನಮ್ಮ ಮುದುಕ ನುಂಗಿಧಂಗೆಲ್ಲ ನಮ್ಮ ಸೊಸಿ ಕೆಂಪಗ ಆಗಾಕತ್ತಾಳ."

೫. ಗುಳಿಗಿ ಬೇಡಿದ ದೆವ್ವ

ಹಿರೇಕೆರೂರಿಗೆ ಕ್ಯಾಂಪು ಹೋದಾಗ ಚಿಕ್ಕೇರೂರಿನಿಂದ ಒಬ್ಬ ತಾಯಿ ಬಂದಳು. ಮಗಳಿಗೆ ಮದುವೆ ಗೊತ್ತಾಗಿದೆ. ಆದರೆ ತಿಂಗಳಿಗೊಮ್ಮೆ ಹುಡುಗಿ ಹೊಟ್ಟೆ ಹಿಡಿದು ನೆಲಕ್ಕೆ ಬಿದ್ದು ಹೊರಳುತ್ತಾಳೆ. ನೋಡಿದ ಯಾರೋ ದೆವ್ವ ಅಂದಿದ್ದಾರೆ. ಸುದ್ದಿ ಬೀಗರ ಊರಿಗೆ ಮುಟ್ಟಿದೆ. ದೆವ್ವ ಬಿಡಿಸದಿದ್ದರೆ ಮದುವೆ ಇಲ್ಲ ಎಂದು ಹೇಳಿ ಕಳಿಸಿದ್ದಾರೆ.

ಆ ತಾಯಿಯ ಜೊತೆ ಚಿಕ್ಕೇರೂರಿಗೆ ಹೋದೆ. ಒಳಕೋಣೆಯಲ್ಲಿ ಹುಡುಗಿಯ ಹತ್ತಿರ ಕೂತು ಮಾತಾಡಿದೆ. ಜಾಣ ಹುಡುಗಿ. ತನಗೇನಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅವಳ ತಾಯಿಗೂ ಗೊತ್ತಿತ್ತು. ಗಂಡಸರ ಮುಂದೆ ಹೇಳುವವರು ಯಾರು? ನಾನು ಗುಳಿಗೆ ತೋರಿಸಿದೆ. ಇದು ಮುಂಬಯಿಯಿಂದ ಬರುತ್ತದೆ, ದಿನಾ ತೆಗೆದುಕೊಳ್ಳಬೇಕು, ನೋವಿನ ದಿನ ಹೊಟ್ಟೆಗೆ ಬಿಸಿ ನೀರಿನ ಶೀಶೆ ಇಟ್ಟುಕೊಂಡು ಮಲಗಬೇಕು, ಹೊಲಕ್ಕೆ ಹೋಗಬಾರದು ಎಂದೆಲ್ಲ ಹೇಳಿದೆ.

"ಮಲಗಾಕ ಯಾರ ಬಿಡ್ತಾರ್ರಿ?" ಅಂದಳು.

ಅಷ್ಟರಲ್ಲಿ ಹೊರಗೆ ಡಂಗುರದಂಥ ದನಿ ಕೇಳಿಸಿತು. ಅವಳ ಅಪ್ಪ ದೆವ್ವ ಬಿಡಿಸುವವನನ್ನು ಕರೆತಂದಿದ್ದ. ಬೀಗರ ಕಡೆಯ ಹಿರಿಯರೊಬ್ಬರೂ ಕಣ್ಣಾರೆ ನೋಡಲು ಬಂದಿದ್ದರು. ಅಂಗಳದ ತುಂಬ ಜನ. ಹುಡುಗಿಗೆ ಅಂದೇ ನೋವು ಸುರುವಾಗಿತ್ತು. ಹಿಡಿದುಕೊಂಡು ಬಂದು ನಡುವೆ ಕೂರಿಸಿದರು. ದೆವ್ವ ಬಿಡಿಸುವವನು ಹಣೆಗೆ ಭಂಡಾರದ ಅರಿಷಿಣ ಬಡಿದುಕೊಂಡು, ಬೇವಿನ ತೊಪ್ಪಲು ಝಳಪಿಸುತ್ತ ಅವಳ ಸುತ್ತ ತಿರುಗಿದ.

"ಯಾರ ನೀ? ಎಲ್ಲಿಂದ ಬಂದಿ? ಹೇಳು!"

ಹುಡುಗಿ ತುಟಿ ಕಚ್ಚಿ ಕೂತಿದ್ದಳು. ಬೇವಿನ ಪೆಟ್ಟು ಬಿತ್ತು. ಇನ್ನೊಂದು ಬಿತ್ತು. ನನಗೆ ತಡೆಯಲಾಗಲಿಲ್ಲ. ಎದ್ದೆ, ತಾಯಿ ನನ್ನ ಸೆರಗು ಹಿಡಿದು ಜಗ್ಗಿದಳು. ಕೂತೆ, ಮತ್ತೆ ಎದ್ದೆ. ಈಗ ನಾನು ಅಡ್ಡ ಹೋದರೆ ಬೀಗರ ಹಿರಿಯರು ಎದ್ದು ಹೋಗುತ್ತಾರೆ, ಮದುವೆ ಮುರಿಯುತ್ತದೆ. ಹೋಗದಿದ್ದರೆ ಹುಡುಗಿಯ ಬೆನ್ನು ಮುರಿಯುತ್ತದೆ. ಮುರಿದರೆ ಮದುವೆಯೇ ಮುರಿಯಲಿ ಎಂದು ಮುಂದೆ ಕಾಲಿಟ್ಟೆ.

ಅಷ್ಟರಲ್ಲಿ ಹುಡುಗಿ ಕಣ್ಣು ತೆರೆದು ನನ್ನನ್ನು ನೋಡಿದಳು. ಕೂದಲು ಬಿಚ್ಚಿ ಮುಖದ ಮೇಲೆ ಹರಡಿಕೊಂಡು, ಎಂದೂ ಕೇಳದ ಗೊಗ್ಗರ ದನಿಯಲ್ಲಿ ಕೂಗಿದಳು.

"ಹೇಳ್ತೇನಿ! ಬಡೀಬ್ಯಾಡ!"

ಜನ ಹಿಂದೆ ಸರಿದರು. ದೆವ್ವ ಬಿಡಿಸುವವನು ಮೀಸೆ ತಿರುವಿದ. "ಹಾಂ! ಹೇಳು. ಯಾವ ಊರು ನಿಂದು?"

"ಮುಂಬಯಿ!"

ಅವನು ಗಲಿಬಿಲಿಗೊಂಡ. ಹಳ್ಳದ ದೆವ್ವ, ಹುಣಸೆಗಿಡದ ದೆವ್ವ ಅವನಿಗೆ ಗೊತ್ತು. ಮುಂಬಯಿಯದು ಅವನ ಕೈಗೆ ಇದೇ ಮೊದಲು. "ಇಷ್ಟ ದೂರ ಯಾಕ ಬಂದಿ? ಏನ ಬೇಕು ನಿನಗ? ಕೋಳಿ ಬೇಕ? ಕುರಿ ಬೇಕ?"

"ಕೋಳಿ ಬ್ಯಾಡ! ಕುರಿ ಬ್ಯಾಡ! ವಿಟಮಿನ್ ಬೇಕು!"

"ಅದ್ಯಾತರ ಪ್ರಾಣಿ?"

"ಪ್ರಾಣಿ ಅಲ್ಲೋ ಮಳ್ಳ! ಆ ಬಾಯಾರ ಡಬ್ಬ್ಯಾಗ ಐತಿ! ದಿನಾ ಒಂದ ಗುಳಿಗಿ ಬೇಕು ನನಗ!"

ಇಡೀ ಅಂಗಳ ನನ್ನ ಕಡೆ ತಿರುಗಿತು. ನಾನು ಡಬ್ಬಿಯನ್ನು ಎದೆಗೆ ಅವಚಿಕೊಂಡು, ನಗು ತಡೆಯಲು ಕೆನ್ನೆಯ ಒಳಗನ್ನು ಕಚ್ಚಿ ಹಿಡಿದು, ಹೌದೆಂದು ತಲೆಯಾಡಿಸಿದೆ.

"ಕೊಡ್ತೇವಿ ತಾಯಿ, ಕೊಡ್ತೇವಿ," ಎಂದು ಅಪ್ಪ ಕೈಮುಗಿದ. "ಮತ್ತೇನ ಬೇಕು?"

ದೆವ್ವಕ್ಕೆ ಹುರುಪು ಬಂತು. "ಹೊಟ್ಟಿ ಮ್ಯಾಲ ಬಿಸಿನೀರ ಶೀಶೆ ಬೇಕು! ನಾ ಬಂದ ದಿನ ಈಕಿನ್ನ ಹೊಲಕ್ಕ ಕಳಸಬ್ಯಾಡ್ರಿ! ರೊಟ್ಟಿ ಬಡಿಯಾಕ ಹಚ್ಚಬ್ಯಾಡ್ರಿ! ಮಲಗಾಕ ಬಿಡ್ರಿ! ಬೇವಿನ ತೊಪ್ಪಲು ಹಿಡಿದವನ ಮನೀ ಹೊಗ್ತೇನಿ!"

ದೆವ್ವ ಬಿಡಿಸುವವನ ಕೈಯಿಂದ ತೊಪ್ಪಲು ಜಾರಿತು. ತಾಯಿ ಮೆಲ್ಲಗೆ, ಬೀಗರ ಕಡೆ ಒಂದು ಕಣ್ಣಿಟ್ಟು, "ಲಗ್ನಾದ ಮ್ಯಾಲ ಹೆಂಗ ತಾಯಿ?" ಎಂದು ಕೇಳಿದಳು.

"ಅತ್ತೀ ಮನ್ಯಾಗೂ ಹಿಂಗ ನಡೀಬೇಕು! ಇಲ್ಲಂದ್ರ ಅಲ್ಲಿ ಎಲ್ಲಾರಿಗೂ ಬಡಕೋತೇನಿ!"

ಬೀಗರ ಹಿರಿಯರು ಎದ್ದು ನಿಂತು, ಟೊಪ್ಪಿಗೆ ತೆಗೆದು, ಎಲ್ಲವೂ ಹಾಗೆಯೇ ನಡೆಯುತ್ತದೆ ಎಂದು ತಮ್ಮ ಮನೆದೇವರ ಆಣೆ ಮಾಡಿದರು. ನಾನು ಹೋಗಿ ಗುಳಿಗೆ ಕೊಟ್ಟೆ. ಹುಡುಗಿ ಕಣ್ಣು ಮುಚ್ಚಿಕೊಂಡೇ ನುಂಗಿ, ಸೆರಗಿನ ಮರೆಯಲ್ಲಿ ನನ್ನ ಕೈ ಚಿವುಟಿ, ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಯಾರೂ ಎಬ್ಬಿಸಲಿಲ್ಲ. ಅವಳ ಮದುವೆ ಚೆನ್ನಾಗಿ ಆಯಿತು. ನೋವು ಮುಂದೆ ಬಹಳ ಕಡಿಮೆಯಾಯಿತಂತೆ. ಗುಳಿಗೆಯಿಂದ ಎಷ್ಟು, ಬಿಸಿ ಶೀಶೆಯಿಂದ ಎಷ್ಟು, ಮಲಗಲು ಬಿಟ್ಟಿದ್ದರಿಂದ ಎಷ್ಟು ಎಂದು ಸಾಹೇಬರು ಕೇಳಿದಾಗ ನನಗೆ ಹೇಳಲಾಗಲಿಲ್ಲ.

ಮುಂದಿನ ಸಲ ಹಿರೇಕೆರೂರಿನ ಕ್ಯಾಂಪಿಗೆ ಹೋದರೆ ಚಿಕ್ಕೇರೂರಿನವರದೇ ಗದ್ದಲ. ಒಬ್ಬನ ಹೆಂಡತಿಗೆ ಮುಂಬಯಿಯ ದೆವ್ವ ಬಂದಿದೆ. ಇನ್ನೊಬ್ಬನ ತಂಗಿಗೂ ಅದೇ. ಗಂಡಸರು ಸಾಲಾಗಿ ಕೂತು ಗುಳಿಗೆ ಒಯ್ದರು. ಎಲ್ಲರೂ ಹೋದ ಮೇಲೆ ಗಿಡದ ಹಿಂದಿನಿಂದ ಒಬ್ಬ ಮೆಲ್ಲಗೆ ಈಚೆ ಬಂದ. ದೆವ್ವ ಬಿಡಿಸುವವನೇ. ಹಣೆಯ ಮೇಲೆ ಭಂಡಾರವಿಲ್ಲ, ಒಂದು ಬುಗುಟು ಇತ್ತು.

"ಬಾಯಾರ, ನಮ್ಮ ಮನ್ಯಾಗೂ ಬಂದೈತ್ರಿ."

"ನೀವ ಬಿಡಸಾವ್ರು. ಬಿಡಸ್ರಿ."

"ಬೇವಿನ ತೊಪ್ಪಲು ಹಿಡದಿದ್ನಿರಿ. ಕಸಗೊಂಡು ನನಗ ಬಡೀತ್ರಿ."

"ಹಂಗಾರ ಗುಳಿಗಿ ಒಯ್ರಿ," ಎಂದು ಕೊಟ್ಟೆ. ತೆಗೆದುಕೊಂಡ, ಆದರೆ ಹೋಗಲಿಲ್ಲ. ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತ.

"ಬರೇ ಗುಳಿಗಿ ಸಾಕಾಗೂದಿಲ್ಲಂತ್ರಿ. ಕೆರಿ ನೀರು ನಾನ ಹೊರಬೇಕಂತ."

"ಹೊರ್ರಿ ಮತ್ತ."

"ಹೊತ್ತೇನ್ರಿ! ತಲಿ ಮ್ಯಾಲೊಂದು, ಬಗಲಾಗೊಂದು ಕೊಡ ಇಟಗೊಂಡು ಬರೂವಾಗ ಊರ ಹೆಣ್ಣಮಕ್ಕಳೆಲ್ಲ ದಂಡಿ ಮ್ಯಾಲ ನಿಂತು ನೋಡಿದ್ರು. ಮನೀಗೆ ಬಂದು ಕೊಡ ಇಳಿಸಿ ಕೈ ಮುಗದ್ನಿ. 'ಈಗಾರ ಹೋಗ್ತೀಯೇನವ್ವ?' ಅಂತ ಕೇಳಿದ್ನಿ."

"ಏನಂತು ದೆವ್ವ?"

ಅವನು ಎರಡೂ ಕಡೆ ನೋಡಿ, ದನಿ ಇಳಿಸಿದ.

"'ಈಗ ಹೋಗ್ತೇನಿ, ಮುಂದಿನ ತಿಂಗಳು ಬರ್ತೇನಿ, ಅಷ್ಟರಾಗ ರೊಟ್ಟಿ ಬಡಿಯೂದ ಕಲತಿರು' ಅಂತ್ರಿ."